ಬುತ್ತಿ ಇತ್ತು, ಸೀಮೆಎಣ್ಣೆ ಇರಲಿಲ್ಲ

2019ರಲ್ಲಿ ಸಿಯಾಚಿನ್ ಸೈನಿಕರ ಒಂದು ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು, ನೆನಪಿದೆಯಾ? ಹಣ್ಣಿನ ರಸದ ಪ್ಯಾಕೆಟ್ ಹರಿದರೆ ಒಳಗೆ ಇಟ್ಟಿಗೆ. ಮೊಟ್ಟೆಗೆ ಸುತ್ತಿಗೆಯಲ್ಲಿ ಬಡಿದರೂ ಒಡೆಯುವುದಿಲ್ಲ. ಟೊಮೇಟೊ, ಈರುಳ್ಳಿ, ಶುಂಠಿ ಎಲ್ಲವೂ ಕಲ್ಲು. ಸೈನಿಕರು ನಗುನಗುತ್ತಲೇ ತೋರಿಸುತ್ತಿದ್ದರು. ನೋಡುವ ನಮಗೂ ಮೊದಲು ನಗು ಬಂದು, ಆಮೇಲೆ ಸುಮ್ಮನಾಗುವಂತಾಗಿತ್ತು.

ಹೆಲಿಕಾಪ್ಟರ್ ಇರುವ ಕಾಲದಲ್ಲೇ ಹೀಗೆ. ಹಾಗಿದ್ದರೆ ನೂರು ವರ್ಷದ ಹಿಂದೆ ಬಟ್ಟೆಯ ಡೇರೆ ಕಟ್ಟಿಕೊಂಡು, ಹಿಮಗಾಡಿ ಎಳೆದುಕೊಂಡು ಧ್ರುವಕ್ಕೆ ಹೊರಟವರು ತಮ್ಮ ಊಟ ಹೆಪ್ಪುಗಟ್ಟದ ಹಾಗೆ ಹೇಗೆ ನೋಡಿಕೊಳ್ಳುತ್ತಿದ್ದರು? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ಉತ್ತರ ಬಹಳ ಸರಳವಾಗಿತ್ತು: ಅವರು ನೋಡಿಕೊಳ್ಳುತ್ತಲೇ ಇರಲಿಲ್ಲ. ಊಟ ಹೆಪ್ಪುಗಟ್ಟಿದರೆ ಗಟ್ಟಲಿ ಅಂತ ಬಿಟ್ಟುಬಿಟ್ಟಿದ್ದರು. ಅವರ ಪ್ರಾಣ ನಿಂತಿದ್ದು ಬೇರೆಯದೇ ಒಂದು ವಸ್ತುವಿನ ಮೇಲೆ. ಆ ಕಥೆಯನ್ನೇ ಇವತ್ತು ಹೇಳಬೇಕೆಂದಿದ್ದೇನೆ.

ಮೊದಲು ಒಂದಿಷ್ಟು ಲೆಕ್ಕ. (ಇಂಜಿನಿಯರಿಂಗ್ ಓದಿದವನ ಚಟ, ಸಹಿಸಿಕೊಳ್ಳಿ.) ನಮ್ಮ ಮನೆಯ ನಲ್ಲಿ ನೀರು ಸುಮಾರು 25 ಡಿಗ್ರಿ ಇರುತ್ತದೆ ಅಂದುಕೊಳ್ಳಿ. ಒಂದು ಲೀಟರ್ ಕುದಿಸಲು 75 ಕಿಲೋಕ್ಯಾಲೊರಿ ಶಾಖ ಸಾಕು. ಈಗ ಮೈನಸ್ 40 ಡಿಗ್ರಿಯಲ್ಲಿರುವ ಒಂದು ಕಿಲೋ ಮಂಜನ್ನು ಪಾತ್ರೆಗೆ ಹಾಕಿ. ಅದನ್ನು 0 ಡಿಗ್ರಿಗೆ ತರಲು 20 ಕಿಲೋಕ್ಯಾಲೊರಿ. ಅಲ್ಲೇ ನಿಂತು ಬರೀ ಕರಗಲು 80. ಕರಗಿದ ನೀರು ಕುದಿಯಲು 100. ಒಟ್ಟು 200. ಈ ಲೆಕ್ಕದಲ್ಲಿ ನಡುವಿನ 80 ಇದೆಯಲ್ಲ, ಅದೇ ಕಳ್ಳ. ಆ ಶಾಖ ಎಲ್ಲಿಗೆ ಹೋಯಿತು ಅಂತ ಥರ್ಮಾಮೀಟರಿನಲ್ಲೂ ಕಾಣುವುದಿಲ್ಲ. ಒಂದು ಡಿಗ್ರಿಯೂ ಏರದೆ ಅಷ್ಟು ಶಾಖ ನುಂಗಿಬಿಡುತ್ತದೆ. ಪಿಯುಸಿಯಲ್ಲಿ ನಾವೆಲ್ಲ ಗುಪ್ತೋಷ್ಣ ಅಂತ ಬಾಯಿಪಾಠ ಮಾಡಿ ಮರೆತದ್ದು ಇದನ್ನೇ.

ಈಗ ಊಟದ ವಿಷಯಕ್ಕೆ ಬನ್ನಿ. ನಾವು ತಿನ್ನುವ ಅನ್ನದಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ. ಹಸಿ ಮಾಂಸದಲ್ಲೂ ಹಾಗೇ. ಅದನ್ನು ಚಳಿನಾಡಿಗೆ ಹೊತ್ತುಕೊಂಡು ಹೋದರೆ ಎರಡು ಸಲ ನಷ್ಟ. ಮೊದಲನೆಯದು, ಸುತ್ತಲೂ ಪುಕ್ಕಟೆ ಮಂಜು ಬಿದ್ದಿರುವಾಗ ಊರಿನಿಂದ ನೀರಿನ ಭಾರ ಎಳೆದುಕೊಂಡು ಹೋದ ಹಾಗಾಯಿತು. ಎರಡನೆಯದು, ಆ ನೀರು ಕಲ್ಲಾಗಿ ಕೂತಾಗ ಅದನ್ನು ಮತ್ತೆ ಕರಗಿಸಲು ಸೌದೆಯೋ ಎಣ್ಣೆಯೋ ಸುಡಬೇಕು. ಹಾಗಾಗಿ ಹೆಪ್ಪುಗಟ್ಟುವ ಸಮಸ್ಯೆಗೆ ಹಳಬರು ಕಂಡುಕೊಂಡ ಪರಿಹಾರ ಇದು: ಊಟದಿಂದ ನೀರನ್ನೇ ತೆಗೆದುಬಿಡು. ನೀರಿಲ್ಲದ ಮೇಲೆ ಹೆಪ್ಪುಗಟ್ಟುವುದೇನು?

ಇದು ನಮಗೆ ಹೊಸದೇನಲ್ಲ. ದೂರ ಪ್ರಯಾಣಕ್ಕೆ ಹೊರಟವರ ಗಂಟಿನಲ್ಲಿ ಹುರಿಹಿಟ್ಟು, ಅವಲಕ್ಕಿ ಇರುತ್ತಿತ್ತಲ್ಲ. ನೀರೋ ಮಜ್ಜಿಗೆಯೋ ಸಿಕ್ಕಿದಲ್ಲಿ ಕಲಸಿಕೊಂಡು ತಿಂದರೆ ಆಯಿತು. ನಮ್ಮಲ್ಲಿ ಅದು ಹಳಸದಿರಲಿ ಅಂತ, ಅಲ್ಲಿ ಹೆಪ್ಪುಗಟ್ಟದಿರಲಿ ಅಂತ. ಟಿಬೆಟಿನವರ ಸಂಪಾ ಕೂಡ ಹುರಿದ ಬಾರ್ಲಿಯ ಹಿಟ್ಟೇ. ನಮ್ಮ ರಾಗಿ ಹುರಿಹಿಟ್ಟಿನ ಅಣ್ಣನೋ ತಮ್ಮನೋ. ಅದನ್ನು ಬೆಣ್ಣೆ ಹಾಕಿದ ಬಿಸಿ ಚಹಾದಲ್ಲಿ ಕಲಸಿ ಮುದ್ದೆ ಮಾಡಿ ತಿನ್ನುತ್ತಾರೆ.

ಉತ್ತರ ಅಮೆರಿಕದ ಮೂಲನಿವಾಸಿಗಳು ಇದನ್ನು ಮಾಂಸದಲ್ಲಿ ಮಾಡಿದರು. ಕಾಡೆಮ್ಮೆಯಂಥ ಬೈಸನ್ ಪ್ರಾಣಿಯ ಮಾಂಸವನ್ನು ತೆಳ್ಳಗೆ ಸೀಳಿ, ಬಿಸಿಲಲ್ಲೋ ಬೆಂಕಿಯ ಮೇಲೋ ಒಣಗಿಸಿ, ಕುಟ್ಟಿ ಪುಡಿ ಮಾಡಿ, ಕರಗಿಸಿದ ಕೊಬ್ಬನ್ನು ಮೇಲೆ ಸುರಿದು ಚರ್ಮದ ಚೀಲದಲ್ಲಿ ಒತ್ತಿ ತುಂಬಿಡುವುದು. ಇದರ ಹೆಸರು ಪೆಮ್ಮಿಕನ್. ಕ್ರೀ ಭಾಷೆಯಲ್ಲಿ ಕೊಬ್ಬಿಗೆ ಇರುವ ಪದದಿಂದ ಬಂದದ್ದು. ವರ್ಷಗಟ್ಟಲೆ ಕೆಡುವುದಿಲ್ಲ, ತೂಕಕ್ಕೆ ಹೋಲಿಸಿದರೆ ಶಕ್ತಿ ಬಹಳ. ಕೆನಡಾದ ತುಪ್ಪಳದ ವ್ಯಾಪಾರವೆಲ್ಲ ಈ ಚೀಲಗಳ ಮೇಲೇ ನಡೆಯುತ್ತಿತ್ತು. ಎಷ್ಟರಮಟ್ಟಿಗೆ ಅಂದರೆ, 1814ರಲ್ಲಿ ರೆಡ್ ರಿವರ್ ವಸಾಹತಿನ ಗವರ್ನರ್ ಪೆಮ್ಮಿಕನ್ ಹೊರಗೆ ಸಾಗಿಸಬಾರದು ಅಂತ ಆಜ್ಞೆ ಹೊರಡಿಸಿದಾಗ ವ್ಯಾಪಾರಿ ಕಂಪನಿಗಳ ನಡುವೆ ಜಗಳ ಹತ್ತಿ, 1816ರಲ್ಲಿ ಸೆವೆನ್ ಓಕ್ಸ್ ಎಂಬಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಒಣಮಾಂಸದ ಪುಡಿಗಾಗಿ ಯುದ್ಧ! ಮುಂದೆ ಧ್ರುವಕ್ಕೆ ಹೊರಟ ಯುರೋಪಿನವರು ಇದನ್ನೇ ಡಬ್ಬಿಗಳಲ್ಲಿ ತುಂಬಿಸಿಕೊಂಡು ಹೊರಟರು.

ಸರಿ, ಊಟದ ಸಮಸ್ಯೆ ಮುಗಿಯಿತಲ್ಲ? ಇಲ್ಲ ನೋಡಿ. ಊಟದಿಂದ ನೀರು ತೆಗೆದದ್ದೇನೋ ಸರಿ. ಆದರೆ ಮನುಷ್ಯನಿಂದ ನೀರು ತೆಗೆಯಲಾಗುವುದಿಲ್ಲವಲ್ಲ. ಧ್ರುವ ಪ್ರದೇಶ ಅಂದರೆ ಮರಳಿನ ಬದಲು ಮಂಜು ಇರುವ ಮರುಭೂಮಿ. ಕಣ್ಣು ಹಾಯಿಸಿದಷ್ಟೂ ನೀರು, ಕುಡಿಯಲು ಒಂದು ತೊಟ್ಟಿಲ್ಲ. ಮಂಜನ್ನೇ ಬಾಯಿಗೆ ಹಾಕಿಕೊಂಡರೆ? ಮೈನಸ್ 30ರ ಒಂದು ಕಿಲೋ ಮಂಜನ್ನು ಹೊಟ್ಟೆಯಲ್ಲಿ ಕರಗಿಸಿ 37 ಡಿಗ್ರಿಗೆ ತರಲು ದೇಹ 130 ಕಿಲೋಕ್ಯಾಲೊರಿ ಖರ್ಚು ಮಾಡಬೇಕು. ಮೊದಲೇ ಹಸಿದು, ನಡುಗುತ್ತಿರುವ ದೇಹ ಅದು. ಸಾಲ ತೀರಿಸಲು ಮತ್ತೊಂದು ಸಾಲ ಮಾಡಿದ ಹಾಗೆ.

1888ರಲ್ಲಿ ನಾರ್ವೆಯ ಫ್ರಿಡ್ಟ್ಯೋಫ್ ನಾನ್ಸೆನ್ ಐದು ಜನರನ್ನು ಕಟ್ಟಿಕೊಂಡು ಗ್ರೀನ್‌ಲ್ಯಾಂಡನ್ನು ಸ್ಕೀ ಮೇಲೆ ಅಡ್ಡ ದಾಟಿದ. ಅಲ್ಲಿಯವರೆಗೆ ಯಾರೂ ದಾಟಿರಲಿಲ್ಲ. ಅವನ ತಂಡಕ್ಕೆ ದಿನವಿಡೀ ಬಾಯಾರಿಕೆಯ ಕಾಟ. ಆಗ ಅವರು ಮಾಡಿದ ಉಪಾಯ: ಚಪ್ಪಟೆ ತಗಡಿನ ಬಾಟಲಿಗೆ ಮಂಜು ತುಂಬಿ ಅಂಗಿಯೊಳಗೆ ಎದೆಗೆ ಒತ್ತಿ ಇಟ್ಟುಕೊಳ್ಳುವುದು. ನಡೆಯುವಾಗ ಮೈ ಹೊರಹಾಕುವ ಶಾಖ ಹೇಗೂ ವ್ಯರ್ಥ, ಅದರಲ್ಲೇ ಕರಗಲಿ ಅಂತ. ಇಂದಿಗೂ ಚಳಿಯಲ್ಲಿ ಚಾರಣ ಮಾಡುವವರು ನೀರಿನ ಬಾಟಲಿಯನ್ನು ಜಾಕೆಟ್ ಒಳಗೆ ಇಟ್ಟುಕೊಳ್ಳುತ್ತಾರೆ, ರಾತ್ರಿ ಮಲಗುವ ಚೀಲದೊಳಗೆ ಹಾಕಿಕೊಳ್ಳುತ್ತಾರೆ. ಹೊರಗಿಡಲೇಬೇಕಾದರೆ ತಲೆಕೆಳಗಾಗಿ ಮಂಜಿನಲ್ಲಿ ಹೂಳುತ್ತಾರೆ. ಮಂಜು ಕಂಬಳಿಯ ಹಾಗೆ ಶಾಖ ತಡೆಯುತ್ತದೆ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ, ಮಗುಚಿಟ್ಟ ಬಾಟಲಿಯ ಬಾಯಿ ಕೊನೆಯವರೆಗೂ ತೆರೆದಿರುತ್ತದೆ.

ಗ್ರೀನ್‌ಲ್ಯಾಂಡಿನಿಂದ ವಾಪಸು ಬಂದ ನಾನ್ಸೆನ್‌ಗೆ ಒಂದು ವಿಷಯ ಗಟ್ಟಿಯಾಗಿ ತಲೆಯಲ್ಲಿ ಕೂತಿತ್ತು. ಪ್ರಯಾಣ ಎಷ್ಟು ದೂರ ಅನ್ನುವುದನ್ನು ಒಲೆ ತೀರ್ಮಾನಿಸುತ್ತದೆ. ಅವನು ಅಡುಗೆ ಪಾತ್ರೆಯನ್ನೇ ಬದಲಿಸಿದ. ನಡುವೆ ಅಡುಗೆಯ ಪಾತ್ರೆ, ಅದರ ಸುತ್ತ ಬಳೆಯಾಕಾರದ ಇನ್ನೊಂದು ಪಾತ್ರೆ, ಮೇಲೆ ಮತ್ತೊಂದು, ಎಲ್ಲದರ ಮೇಲೆ ಒಂದು ಹೊದಿಕೆ. ಒಲೆಯ ಬಿಸಿಗಾಳಿ ನಡುವಿನ ಪಾತ್ರೆಯನ್ನು ಕಾಯಿಸಿ, ಅಲ್ಲಿಂದ ಹೊರಪಾತ್ರೆಯನ್ನು ಸುತ್ತಿ, ತನ್ನ ಶಾಖವನ್ನೆಲ್ಲ ಕೊಟ್ಟು ತಣ್ಣಗಾಗಿ ಹೊರಗೆ ಹೋಗುತ್ತದೆ. ಒಳಗೆ ಊಟ ಬೇಯುವಷ್ಟರಲ್ಲಿ ಹೊರಗಿನ ಪಾತ್ರೆಯಲ್ಲಿ ಚಹಾಕ್ಕೆ ನೀರು ಕರಗಿರುತ್ತದೆ. ನಮ್ಮ ಕಡೆ ಸೌದೆ ಒಲೆಗೆ ಕೊಡಿ ಒಲೆ ಇಡುತ್ತಾರಲ್ಲ, ಅದೇ ಜಾಣತನ.

ಪಾತ್ರೆಯ ಕೆಳಗೆ ಉರಿಯುವುದಕ್ಕೂ ಸರಿಯಾದ ಸಮಯಕ್ಕೆ ಒಂದು ಸಾಧನ ಬಂತು. 1892ರಲ್ಲಿ ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ತಯಾರಿಸಿದ ಪ್ರೈಮಸ್ ಒಲೆ. ಹೆಸರು ಕೇಳಿರದಿದ್ದರೂ ವಸ್ತುವನ್ನು ನೀವು ನೋಡಿಯೇ ಇರುತ್ತೀರಿ. ನಮ್ಮ ಮನೆಗಳಲ್ಲಿ ಗ್ಯಾಸ್ ಬರುವವರೆಗೆ ಭರ್ರ್ ಅಂತ ಸದ್ದು ಮಾಡುತ್ತಿದ್ದ ಹಿತ್ತಾಳೆಯ ಪಂಪ್ ಸ್ಟೋವ್ ಇದೇ! ಮೊದಲು ಬಟ್ಟಲಲ್ಲಿ ಸ್ಪಿರಿಟ್ ಹಾಕಿ ಬರ್ನರ್ ಕಾಯಿಸುವುದು, ಆಮೇಲೆ ಪಂಪ್ ಹೊಡೆದರೆ ಒತ್ತಡಕ್ಕೆ ಸೀಮೆಎಣ್ಣೆ ಮೇಲೇರಿ, ಕಾದ ಕೊಳವೆಯಲ್ಲಿ ಆವಿಯಾಗಿ, ಸೂಜಿಮೊನೆಯಷ್ಟು ತೂತಿನಿಂದ ನುಗ್ಗಿ ಗಾಳಿಯೊಂದಿಗೆ ಬೆರೆತು ನೀಲಿ ಜ್ವಾಲೆಯಾಗುತ್ತದೆ. ಹೊಗೆ ಇಲ್ಲ, ಮಸಿ ಇಲ್ಲ. ಬತ್ತಿ ಸ್ಟೋವಿಗೂ ಇದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತೇ ಇದೆ. 1895ರ ಮಾರ್ಚ್ 14ರಂದು ನಾನ್ಸೆನ್ ಮತ್ತು ಯೋಹಾನ್ಸನ್ ತಮ್ಮ ಹಡಗು ಬಿಟ್ಟು ಉತ್ತರ ಧ್ರುವದ ಕಡೆ ಹೊರಟಾಗ ಈ ಒಲೆ ಜೊತೆಗಿತ್ತು. ಅಲ್ಲಿಂದ ಮುಂದೆ ಧ್ರುವಕ್ಕೆ ಹೊರಟವರ ಗಾಡಿಯಲ್ಲಿ ಪ್ರೈಮಸ್ ಇರುವುದು ರೂಢಿಯಾಯಿತು.

ಒಂದು ಲೀಟರ್ ಸೀಮೆಎಣ್ಣೆಯಲ್ಲಿ ಸುಮಾರು 8,500 ಕಿಲೋಕ್ಯಾಲೊರಿ ಇದೆ. ಮೇಲಿನ ಲೆಕ್ಕದ ಪ್ರಕಾರ ಅದು 40 ಲೀಟರ್ ಮಂಜುನೀರನ್ನು ಕುದಿಸಬೇಕು. ಅರ್ಧ ಶಾಖ ವ್ಯರ್ಥವಾಯಿತು ಅಂದರೂ 20 ಲೀಟರ್. ನಾಲ್ಕು ಜನರ ಡೇರೆಗೆ ಚಹಾ, ಗಂಜಿ, ಕುಡಿಯುವ ನೀರು ಸೇರಿ ದಿನಕ್ಕೆ 12 ಲೀಟರ್ ಅಂತ ಹಿಡಿದರೆ, ದಿನಕ್ಕೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಎಣ್ಣೆ. ಒಂದು ಬಾಟಲಿಯಷ್ಟು. ಇಷ್ಟು ಎಣ್ಣೆಯ ಮೇಲೆ ನಾಲ್ಕು ಜೀವ.

ಈ ಒಲೆ ಹಚ್ಚುವುದು ಆ ಚಳಿಯಲ್ಲಿ ಏನು ಪಾಡು ಅನ್ನುವುದಕ್ಕೆ 1911ರ ಚಳಿಗಾಲದ ಪ್ರಯಾಣ ನೋಡಬೇಕು. ಬ್ರಿಟಿಷ್ ನೌಕಾಧಿಕಾರಿ ರಾಬರ್ಟ್ ಫಾಲ್ಕನ್ ಸ್ಕಾಟ್ ದಕ್ಷಿಣ ಧ್ರುವಕ್ಕೆ ಹೊರಡುವ ಮೊದಲು, ಅವನ ತಂಡದ ಮೂವರು ಎಂಪರರ್ ಪೆಂಗ್ವಿನ್ ಮೊಟ್ಟೆ ತರಲು ಕೇಪ್ ಕ್ರೋಜಿಯರ್‌ಗೆ ಹೋದರು: ಎಡ್ವರ್ಡ್ ವಿಲ್ಸನ್, ಹೆನ್ರಿ ಬವರ್ಸ್, ಆಪ್ಸ್ಲಿ ಚೆರಿ-ಗ್ಯಾರಾರ್ಡ್. ಅಂಟಾರ್ಕ್ಟಿಕಾದಲ್ಲಿ ಜೂನ್-ಜುಲೈ ಅಂದರೆ ಸೂರ್ಯನೇ ಹುಟ್ಟದ ಕಗ್ಗತ್ತಲೆ. ಜೂನ್ 27ಕ್ಕೆ ಹೊರಟು ಆಗಸ್ಟ್ 1ಕ್ಕೆ ವಾಪಸಾದರು. ನಡುವೆ ಒಂದು ದಿನ ಉಷ್ಣಾಂಶ ಮೈನಸ್ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಿತು. ಬೆಳಿಗ್ಗೆ ಡೇರೆಯಿಂದ ಹೊರಬಂದ ಚೆರಿ-ಗ್ಯಾರಾರ್ಡ್ ಸುತ್ತ ನೋಡಲು ತಲೆ ಎತ್ತಿದ. ಅಷ್ಟರಲ್ಲಿ ಅಂಗಿ ಮರದ ಹಲಗೆಯ ಹಾಗೆ ಗಟ್ಟಿಯಾಗಿ, ತಲೆ ಕೆಳಗಿಳಿಸಲಾಗದೆ ನಾಲ್ಕು ಗಂಟೆ ಹಾಗೇ ಗಾಡಿ ಎಳೆದ. ಬೆರಳಿನ ಮೇಲೆದ್ದ ಗುಳ್ಳೆಯೊಳಗಿನ ನೀರೂ ಹೆಪ್ಪುಗಟ್ಟಿತ್ತು. ಆ ಬೆರಳಲ್ಲಿ ಥಂಡಿ ಹಿಡಿದ ಬೆಂಕಿಕಡ್ಡಿ ಗೀರಿ, ಸ್ಪಿರಿಟ್ ಹಚ್ಚಿ, ಪಂಪ್ ಹೊಡೆಯಬೇಕು. ಊಟವೋ? ಪೆಮ್ಮಿಕನ್ ಮತ್ತು ಬಿಸ್ಕತ್ತು ಕಲಸಿ ಕುದಿಸಿದ ಹೂಶ್ ಎಂಬ ಗಂಜಿ. ಅದು ಹೊಟ್ಟೆಗಿಳಿದ ಸ್ವಲ್ಪ ಹೊತ್ತು ಮಾತ್ರ ಅವರು ಮನುಷ್ಯರಂತೆ ಇರುತ್ತಿದ್ದರು.

ಈ ಪ್ರಯಾಣದಲ್ಲೇ ಅವರು ಊಟದ ಪ್ರಯೋಗವನ್ನೂ ಮಾಡಿದರು. ಒಬ್ಬನಿಗೆ ಬಿಸ್ಕತ್ತು ಹೆಚ್ಚು, ಒಬ್ಬನಿಗೆ ಪೆಮ್ಮಿಕನ್ ಹೆಚ್ಚು, ಒಬ್ಬನಿಗೆ ಬೆಣ್ಣೆ ಹೆಚ್ಚು. ಮೂವರೂ ತಮ್ಮ ಮೈಮೇಲೆ ಪರೀಕ್ಷೆ ಮಾಡಿಕೊಂಡು ಬಂದದ್ದರಿಂದ ಧ್ರುವಯಾತ್ರೆಯ ಪಡಿ ನಿಗದಿಯಾಯಿತು. ಒಬ್ಬನಿಗೆ ದಿನಕ್ಕೆ ಬಿಸ್ಕತ್ತು ಸುಮಾರು 450 ಗ್ರಾಂ, ಪೆಮ್ಮಿಕನ್ 340, ಸಕ್ಕರೆ 85, ಬೆಣ್ಣೆ 57, ಚಹಾಪುಡಿ 24, ಕೋಕೋ 16. ಹತ್ತಿರ ಹತ್ತಿರ ಒಂದು ಕಿಲೋ. ಪಟ್ಟಿ ನೋಡಿ, ಇದರಲ್ಲಿ ಹೆಪ್ಪುಗಟ್ಟಿ ಕೆಡುವ ಒಂದು ವಸ್ತುವೂ ಇಲ್ಲ. ಚಳಿ ಈ ಊಟವನ್ನು ಏನೂ ಮಾಡಲಾರದು. ಆದರೆ ಇದೆಲ್ಲ ಬಾಯಿಗೆ ಹೋಗಬೇಕಾದರೆ ಬಿಸಿನೀರು ಬೇಕು.

ಈಗ ಕಥೆಯ ಕಷ್ಟದ ಭಾಗ. ಸ್ಕಾಟ್, ವಿಲ್ಸನ್, ಬವರ್ಸ್, ಓಟ್ಸ್, ಎಡ್ಗರ್ ಎವಾನ್ಸ್ ಐದೂ ಜನ 1912ರ ಜನವರಿ 17ರಂದು ದಕ್ಷಿಣ ಧ್ರುವ ಮುಟ್ಟಿದರು. ನಾರ್ವೆಯ ರೋಆಲ್ಡ್ ಅಮುಂಡ್ಸೆನ್ 1911ರ ಡಿಸೆಂಬರ್ 14ರಂದೇ ಅಲ್ಲಿಗೆ ಬಂದು ಹೋಗಿದ್ದ. ಸ್ಕಾಟ್ ತಂಡ ಹೋಗುವಾಗಲೇ ದಾರಿಯುದ್ದಕ್ಕೂ ಮಂಜಿನ ಗುಡ್ಡೆ ಕಟ್ಟಿ, ವಾಪಸು ಬರುವಾಗ ಬೇಕಾಗುವ ಊಟ ಮತ್ತು ಸೀಮೆಎಣ್ಣೆ ಡಬ್ಬಿಗಳನ್ನು ಇಟ್ಟು ಹೋಗಿತ್ತು. ಬರುವಾಗ ಫೆಬ್ರವರಿ 17ರಂದು ಎವಾನ್ಸ್ ತೀರಿಕೊಂಡ. ಫೆಬ್ರವರಿ 24ರಂದು ಒಂದು ಗುಡ್ಡೆ ತಲುಪಿ ನೋಡಿದರೆ, ಊಟ ಲೆಕ್ಕಕ್ಕೆ ಸರಿಯಾಗಿದೆ, ಎಣ್ಣೆ ಕಡಿಮೆ. ಮಾರ್ಚ್ ಶುರುವಿನಲ್ಲಿ ಇನ್ನೊಂದು ಗುಡ್ಡೆ. ಅಲ್ಲೂ ಎಣ್ಣೆ ಕಡಿಮೆ. ಮಾರ್ಚ್ 9ರಂದು ಮತ್ತೊಂದು. ಅಲ್ಲೂ ಅದೇ ಕಥೆ. ಡಬ್ಬಿಗಳು ಇದ್ದವು, ಎಣ್ಣೆ ಮಾತ್ರ ಮಾಯವಾಗಿತ್ತು.

ಎಲ್ಲಿ ಹೋಯಿತು? ಸ್ಕಾಟ್‌ಗೆ ಈ ಕಾಟ ಹೊಸದಾಗಿರಲಿಲ್ಲ. 1901-04ರ ಮೊದಲ ಯಾತ್ರೆಯಲ್ಲಿ ಡಬ್ಬಿಗಳಿಗೆ ಬಿರಡೆ ಹಾಕಿದ್ದರು, ಎಣ್ಣೆ ಅದರ ಸಂದಿಯಿಂದ ತೆವಳಿ ಹೊರಬರುತ್ತಿತ್ತು. ಸೀಮೆಎಣ್ಣೆಯ ಗುಣವೇ ಅದು. ಎಷ್ಟು ಬಿಗಿ ಮುಚ್ಚಿದರೂ ಡಬ್ಬಿಯ ಹೊರಗೆಲ್ಲ ಜಿಡ್ಡು ಆಗಿರುವುದನ್ನು ನ್ಯಾಯಬೆಲೆ ಅಂಗಡಿಯ ಕಾಲದವರು ಬಲ್ಲರು. ಹಾಗಾಗಿ ಈ ಸಲ ತಿರುಪು ಮುಚ್ಚಳ ಮಾಡಿಸಿ, ಒಳಗೆ ಚರ್ಮದ ವಾಷರ್ ಹಾಕಿಸಿದರು. ವಿಪರೀತ ಚಳಿಯಲ್ಲಿ ಆ ವಾಷರ್ ಹಾಳಾಯಿತು. ಡಬ್ಬಿಗಳನ್ನು ಸುಲಭವಾಗಿ ಸಿಗಲಿ ಅಂತ ಗುಡ್ಡೆಯ ಮೇಲ್ಭಾಗದಲ್ಲೇ ಇಟ್ಟಿದ್ದರು. ಬೇಸಿಗೆಯಲ್ಲಿ ಅಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಬಿಸಿಲು. ತಗಡು ಕಾದು, ಒಳಗೆ ಎಣ್ಣೆ ಆವಿಯಾಗಿ, ಸಡಿಲವಾದ ವಾಷರ್ ಸಂದಿಯಿಂದ ದಿನಾ ಸ್ವಲ್ಪ ಸ್ವಲ್ಪವೇ ಹೊರಟುಹೋಯಿತು.

ನಮ್ಮ ಪಂಪ್ ಸ್ಟೋವಿನ ಪಂಪಿನೊಳಗೂ ಒಂದು ಚರ್ಮದ ವಾಷರ್ ಇರುತ್ತಿತ್ತು ನೋಡಿ. ಒಣಗಿದರೆ ಎಷ್ಟು ಹೊಡೆದರೂ ಗಾಳಿ ಹಿಡಿಯುವುದಿಲ್ಲ. ಆಗ ಅದನ್ನು ಬಿಚ್ಚಿ, ಎಣ್ಣೆ ಸವರಿ, ಬೆರಳಲ್ಲಿ ಅಗಲಿಸಿ ಮತ್ತೆ ಹಾಕುತ್ತಿದ್ದರು. ಚರ್ಮ ಒಣಗಿದರೆ ಮುರುಟಿಕೊಳ್ಳುತ್ತದೆ ಅನ್ನುವುದು ಸ್ಟೋವ್ ರಿಪೇರಿ ಮಾಡುವವರಿಗೆಲ್ಲ ಗೊತ್ತಿದ್ದ ಮಾತು. ಚಿಕ್ಕ ವಸ್ತು, ನಾಲ್ಕಾಣೆಯ ವಸ್ತು. ಅದರ ಮೇಲೆ ಎಷ್ಟು ಭಾರ ಬಿದ್ದಿತ್ತು ಅನ್ನುವುದನ್ನು ಮುಂದೆ ನೋಡಿ.

ಎಣ್ಣೆ ಕಡಿಮೆಯಾದ ತಕ್ಷಣ ಒಂದರ ಹಿಂದೊಂದು ಬೀಳುತ್ತಾ ಹೋಗುತ್ತದೆ. ಬಿಸಿನೀರು ಕಡಿಮೆ, ಆದ್ದರಿಂದ ಊಟ ಅರೆಬಿಸಿ. ಕುಡಿಯುವ ನೀರು ಕಡಿಮೆ, ಆದ್ದರಿಂದ ಮೈಯಲ್ಲಿ ಶಕ್ತಿ ಕಡಿಮೆ. ಬೂಟು, ಕೈಗವಸು ಒಣಗಿಸುವ ಮಾತೇ ಇಲ್ಲ, ಆದ್ದರಿಂದ ಕಾಲ್ಬೆರಳು ಹೆಪ್ಪುಗಟ್ಟುತ್ತದೆ. ಕಾಲು ಹೋದರೆ ನಡಿಗೆ ನಿಧಾನ. ನಡಿಗೆ ನಿಧಾನವಾದರೆ ಮುಂದಿನ ಗುಡ್ಡೆ ತಲುಪುವಷ್ಟರಲ್ಲಿ ಇದ್ದ ಎಣ್ಣೆಯೂ ಖಾಲಿ. ಹೆಪ್ಪುಗಟ್ಟದ ಹಾಗೆ ಕಾಪಾಡಬೇಕಾದದ್ದು ಊಟವನ್ನಲ್ಲ, ಉಣ್ಣುವವನನ್ನು. ಕಾಲು ಕೊಳೆಯತೊಡಗಿದ್ದ ಓಟ್ಸ್ ಮಾರ್ಚ್ ಮಧ್ಯದಲ್ಲಿ ಒಂದು ದಿನ ತನ್ನಿಂದ ಉಳಿದವರಿಗೆ ತಡವಾಗಬಾರದು ಅಂತ ಡೇರೆಯಿಂದ ಬಿರುಗಾಳಿಗೆ ಎದ್ದು ಹೋದ. ಮಾರ್ಚ್ 19ರ ಸುಮಾರಿಗೆ ಸ್ಕಾಟ್ ಬರೆದ ದಿನಚರಿಯಲ್ಲಿ ಲೆಕ್ಕ ಹೀಗಿದೆ: ಊಟ ಎರಡು ದಿನಕ್ಕೆ ಇದೆ, ಎಣ್ಣೆ ಒಂದು ದಿನಕ್ಕೂ ಸಾಲದು. ಆಮೇಲೆ ಬಿರುಗಾಳಿ ಬಿಡಲಿಲ್ಲ. ಕೊನೆಯ ದಿನಚರಿ ಮಾರ್ಚ್ 29ರದ್ದು.

ಅವರು ಬಿದ್ದ ಜಾಗದಿಂದ ಒನ್ ಟನ್ ಡಿಪೋ ಎಂಬ ದೊಡ್ಡ ದಾಸ್ತಾನು 20 ಕಿಲೋಮೀಟರ್ ದೂರ. ಅಲ್ಲಿ ಊಟ, ಎಣ್ಣೆ ಎರಡೂ ಇತ್ತು. ಅದನ್ನು ಮೂಲತಃ ಇನ್ನೂ ದಕ್ಷಿಣಕ್ಕೆ, 80ನೇ ಅಕ್ಷಾಂಶದಲ್ಲಿ ಇಡಬೇಕೆಂದಿತ್ತು. 1911ರ ಫೆಬ್ರವರಿಯಲ್ಲಿ ಕುದುರೆಗಳು ಸೋತು ಹೋದವು ಅಂತ ಸುಮಾರು 55 ಕಿಲೋಮೀಟರ್ ಹಿಂದೆಯೇ ಇಳಿಸಿಬಿಟ್ಟರು. ಮೊಟ್ಟೆ ತರಲು ಹೋಗಿದ್ದ ಚೆರಿ-ಗ್ಯಾರಾರ್ಡ್ 1912ರ ಮಾರ್ಚ್ ಮೊದಲ ವಾರದಲ್ಲಿ ನಾಯಿಗಾಡಿಯೊಂದಿಗೆ ಅದೇ ಡಿಪೋದಲ್ಲಿ ಸ್ಕಾಟ್‌ಗಾಗಿ ಕಾದು, ಮಾರ್ಚ್ 10ಕ್ಕೆ ವಾಪಸು ಹೋಗಿದ್ದ. ನವೆಂಬರ್ 12ರಂದು ಡೇರೆ ಹುಡುಕಿದ ತಂಡದಲ್ಲೂ ಅವನಿದ್ದ. ಒಳಗಿದ್ದ ಮೂವರಲ್ಲಿ ವಿಲ್ಸನ್ ಮತ್ತು ಬವರ್ಸ್ ಅವನ ಚಳಿಗಾಲದ ಜೊತೆಗಾರರು. ಅವರ ಪಕ್ಕದಲ್ಲಿ ಒಂದು ತಗಡಿನ ಡಬ್ಬಿಯಿಂದ ಮಾಡಿದ ಸಣ್ಣ ದೀಪ ಸಿಕ್ಕಿತು. ಸೀಮೆಎಣ್ಣೆ ಮುಗಿದ ಮೇಲೆ ಉಳಿದಿದ್ದ ಚೂರುಪಾರು ಸ್ಪಿರಿಟನ್ನು ಅದರಲ್ಲಿ ಉರಿಸಿದ್ದರು. ಅದರ ಬತ್ತಿ ಅವರ ತುಪ್ಪಳದ ಬೂಟಿನಿಂದ ತೆಗೆದದ್ದು. ಈ ಒಂದು ವಿವರ ಓದಿದ ಮೇಲೆ ನಾನು ಪುಸ್ತಕ ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಅಮುಂಡ್ಸೆನ್ ಏನು ಮಾಡಿದ್ದ? ಸೀಮೆಎಣ್ಣೆ ತೆವಳುವ ಚಾಳಿ ಅವನಿಗೂ ಗೊತ್ತಿತ್ತು. ಅವನು ಮುಚ್ಚಳವನ್ನು ನಂಬಲೇ ಇಲ್ಲ, ಡಬ್ಬಿಗಳಿಗೆ ಬೆಸುಗೆ ಹಾಕಿಸಿದ. ಬೇಕಾದಾಗ ಕತ್ತರಿಸಿ ತೆಗೆಯುವುದು, ಅಷ್ಟೇ. ವಾಪಸು ಬರುವಾಗ ಅವನ ಹತ್ತಿರ ಎಣ್ಣೆ ಮಿಕ್ಕಿತ್ತು. ಮೌಂಟ್ ಬೆಟ್ಟಿ ಎಂಬ ಬಂಡೆಗುಡ್ಡದಲ್ಲಿ ಕಲ್ಲು ಒಟ್ಟಿ, 17 ಲೀಟರಿನ ಒಂದು ಡಬ್ಬಿ, ಬೆಂಕಿಪೊಟ್ಟಣ, ಒಂದು ಚೀಟಿ ಇಟ್ಟು ಹೋದ. 1929ರಲ್ಲಿ ಅಮೆರಿಕದ ಭೂವಿಜ್ಞಾನಿ ಲಾರೆನ್ಸ್ ಗೌಲ್ಡ್ ಆ ದಾರಿಯಲ್ಲಿ ಹೋದಾಗ ಅವೆಲ್ಲ ಇಟ್ಟಲ್ಲೇ ಇದ್ದವು.

ಇಲ್ಲಿ ಒಂದು ಜನಪ್ರಿಯ ಕಥೆಯ ಬಗ್ಗೆಯೂ ಹೇಳಬೇಕು. ಸ್ಕಾಟ್‌ನ ಡಬ್ಬಿಗಳ ತವರದ ಬೆಸುಗೆಗೆ 'ತವರದ ರೋಗ' ತಗುಲಿ ಪುಡಿಯಾಯಿತು ಅಂತ ಅಂತರ್ಜಾಲದಲ್ಲಿ ಬಹಳ ಕಡೆ ಓದುತ್ತೀರಿ. ಶುದ್ಧ ತವರ 13 ಡಿಗ್ರಿಗಿಂತ ಕೆಳಗೆ ನಿಧಾನವಾಗಿ ಬೂದು ಪುಡಿಯಾಗಿ ಬದಲಾಗಬಲ್ಲದು ಅನ್ನುವುದು ನಿಜ. ಓದಲು ಸೊಗಸಾದ ಕಥೆ. ಆದರೆ ಸ್ಕಾಟ್ ತಂಡದವರೇ ಕೊಟ್ಟ ವಿವರಣೆ ಚರ್ಮದ ವಾಷರಿನದ್ದು. ಅದಕ್ಕಿಂತ ದೂರ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಹಾಗಂತ ಎಲ್ಲ ಪಾಪವನ್ನೂ ಒಂದು ವಾಷರ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಆ ಪಡಿಯಲ್ಲಿ ಇದ್ದದ್ದು ದಿನಕ್ಕೆ ಸುಮಾರು 4,500 ಕಿಲೋಕ್ಯಾಲೊರಿ. ಗಾಡಿ ಎಳೆಯುವವನಿಗೆ 6,000ಕ್ಕೂ ಹೆಚ್ಚು ಬೇಕು ಅನ್ನುವುದು ನಂತರ ಗೊತ್ತಾಯಿತು. 1992-93ರಲ್ಲಿ ರಾನಲ್ಫ್ ಫೈನ್ಸ್ ಮತ್ತು ವೈದ್ಯ ಮೈಕ್ ಸ್ಟ್ರೌಡ್ ಅಂಟಾರ್ಕ್ಟಿಕಾದಲ್ಲಿ ಗಾಡಿ ಎಳೆದು ತಮ್ಮ ದೇಹವನ್ನೇ ಅಳೆದುಕೊಂಡರು. ಇಬ್ಬರೂ 20 ಕಿಲೋಗೂ ಹೆಚ್ಚು ಇಳಿದಿದ್ದರು. ಸ್ಕಾಟ್‌ನ ಪಡಿಯಲ್ಲಿ ಸಿ ವಿಟಮಿನ್ ಹೆಚ್ಚುಕಡಿಮೆ ಇರಲೇ ಇಲ್ಲ. ಜೊತೆಗೆ 1912ರ ಮಾರ್ಚ್ ಅಲ್ಲಿನ ಲೆಕ್ಕದಲ್ಲೂ ವಿಪರೀತ ಚಳಿಯದ್ದು ಅಂತ ಹವಾಮಾನ ವಿಜ್ಞಾನಿ ಸೂಸನ್ ಸೊಲೊಮನ್ 2001ರ ತಮ್ಮ ಪುಸ್ತಕದಲ್ಲಿ ಅಂಕಿಅಂಶ ಸಮೇತ ತೋರಿಸಿದ್ದಾರೆ. ಎಲ್ಲವೂ ಸೇರಿತ್ತು. ಆದರೆ ಇವುಗಳಲ್ಲಿ ಊರು ಬಿಡುವ ಮೊದಲೇ ಕೈಯಲ್ಲಿ ಹಿಡಿದು ಪರೀಕ್ಷಿಸಬಹುದಾಗಿದ್ದದ್ದು, ಬೆಸುಗೆಯಲ್ಲಿ ಮುಗಿಸಬಹುದಾಗಿದ್ದದ್ದು ಎಣ್ಣೆ ಡಬ್ಬಿ ಒಂದೇ.

ಇಷ್ಟೆಲ್ಲ ಓದಿದ ಮೇಲೆ, ಆ ಚಳಿಯಲ್ಲೇ ಹುಟ್ಟಿ ಬೆಳೆದವರು ಏನು ಮಾಡುತ್ತಿದ್ದರು ಅನ್ನುವ ಕುತೂಹಲ ಬರದಿರುತ್ತದೆಯೇ? ಉತ್ತರ ಧ್ರುವದ ಸುತ್ತಲಿನ ಇನುಯಿಟ್ ಜನ ಊಟವನ್ನು ಹೆಪ್ಪುಗಟ್ಟದಂತೆ ತಡೆಯಲು ಹೋಗಲೇ ಇಲ್ಲ. ಮೀನು, ಮಾಂಸವನ್ನು ಹೆಪ್ಪುಗಟ್ಟಿದ ಹಾಗೆಯೇ ತೆಳ್ಳಗೆ ಕೆತ್ತಿ ಹಸಿಯಾಗಿ ತಿನ್ನುತ್ತಿದ್ದರು. ಸಿ ವಿಟಮಿನ್ ಉಳಿಯಿತು, ಬೇಯಿಸುವ ಖರ್ಚೂ ಉಳಿಯಿತು. ಕೆನಡಾದ ಲ್ಯಾಬ್ರಡಾರ್‌ನಲ್ಲಿ ಮೈನಸ್ 40ರ ಗಾಳಿಗೆ ಮೀನು ಕ್ಷಣದಲ್ಲಿ ಹೆಪ್ಪುಗಟ್ಟಿ, ತಿಂಗಳ ನಂತರ ಕರಗಿಸಿದರೂ ತಾಜಾ ಇರುವುದನ್ನು ಕಂಡ ಕ್ಲಾರೆನ್ಸ್ ಬರ್ಡ್ಸ್ಐ ಎಂಬ ಅಮೆರಿಕನ್, 1920ರ ದಶಕದಲ್ಲಿ ಅದನ್ನೇ ಯಂತ್ರದಲ್ಲಿ ಮಾಡಿದ. ನಾವು ಅಂಗಡಿಯಿಂದ ತರುವ ಫ್ರೋಜನ್ ಬಟಾಣಿಯ ಮೂಲ ಅಲ್ಲಿದೆ.

ಆದರೆ ಆ ಜನ ಒಂದನ್ನು ಮಾತ್ರ ಕಣ್ಣಿಟ್ಟು ಕಾಯುತ್ತಿದ್ದರು. ಕುಲ್ಲಿಕ್ ಎಂಬ ಕಲ್ಲಿನ ದೀಪ. ಅರ್ಧಚಂದ್ರಾಕಾರದ ಕಲ್ಲಿನ ತಟ್ಟೆ, ಅಂಚಿಗೆ ಪಾಚಿಯ ಬತ್ತಿ, ಉರಿಯಲು ಸೀಲ್ ಪ್ರಾಣಿಯ ಕೊಬ್ಬು. ಮಂಜಿನ ಮನೆಗೆ ಬೆಳಕು, ಶಾಖ, ಕುಡಿಯುವ ನೀರು, ಒಣ ಬಟ್ಟೆ ಎಲ್ಲ ಅದರಿಂದಲೇ. ಅದು ಆರದಂತೆ ನೋಡಿಕೊಳ್ಳುವ ಹೊಣೆ ಮನೆಯ ಹೆಂಗಸಿನದ್ದು. ಗಮನಿಸಿ, ಅವರ ಇಂಧನ ಚಳಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಸೋರುವ ಪ್ರಶ್ನೆಯೇ ಇಲ್ಲ. ಹಸಿವಾದರೆ ಅದನ್ನೇ ತಿನ್ನಲೂಬಹುದು. 1903ರಿಂದ ಎರಡು ಚಳಿಗಾಲ ಇವರ ನೆರೆಯಲ್ಲಿ ಹಡಗು ನಿಲ್ಲಿಸಿಕೊಂಡು ಕಲಿತು ಹೋದವನ ಹೆಸರು ರೋಆಲ್ಡ್ ಅಮುಂಡ್ಸೆನ್.

ನಮ್ಮ ಮೈಸೂರಿಗೂ ಈ ಕಥೆಯಲ್ಲಿ ಒಂದು ಎಳೆ ಇದೆ. 1961ರಲ್ಲಿ ಅಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾಲಯ (ಡಿ.ಎಫ್.ಆರ್.ಎಲ್ ಅಂತಲೇ ಪ್ರಸಿದ್ಧ) ದಶಕಗಳ ಕಾಲ ಕೆಲಸ ಮಾಡಿದ್ದು ಇದೇ ಪ್ರಶ್ನೆಯ ಮೇಲೆ: ಹಿಮಾಲಯದ ಮೇಲಿನ ಸೈನಿಕನಿಗೆ ಹಗುರವಾದ, ಕೆಡದ, ಬೇಗ ಬಿಸಿಯಾಗುವ ಊಟ. ದಿನಗಟ್ಟಲೆ ಕೆಡದ ಚಪಾತಿ, ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟು ಇಂಥವು. ಬಿಸಿನೀರು ಹಾಕಿದರೆ... ಅಲ್ಲೇ ನಿಲ್ಲಿ. ಮತ್ತೆ ಅದೇ ಜಾಗಕ್ಕೆ ಬಂದೆವು. 1984ರ ಏಪ್ರಿಲ್‌ನಿಂದ ನಮ್ಮ ಸೈನ್ಯ ಸಿಯಾಚಿನ್ ಮೇಲಿದೆ. ಮಂಜು ಕರಗಿಸಿ ನೀರು ಮಾಡಿಕೊಳ್ಳುವುದು ಅಲ್ಲಿನ ದಿನನಿತ್ಯದ ಕೆಲಸ, ಅದಕ್ಕೆ ಬೇಕಾದ ಸೀಮೆಎಣ್ಣೆ ಕೆಳಗಿನಿಂದಲೇ ಮೇಲೇರಬೇಕು. ಸುತ್ತಿಗೆಯಲ್ಲಿ ಒಡೆಯದ ಮೊಟ್ಟೆ ನೋಡಿ ನಾವು ಬೆರಗಾದೆವು. ಮೊಟ್ಟೆ ಕಲ್ಲಾಗಿದ್ದರೆ ಆಗಲಿ ಬಿಡಿ, ಪಕ್ಕದಲ್ಲಿ ಒಲೆ ಉರಿಯುತ್ತಿದ್ದರೆ ಹತ್ತು ನಿಮಿಷದಲ್ಲಿ ಅದು ಊಟ. ನಾವು ಕೇಳಬೇಕಾದದ್ದು ಆ ಒಲೆಯ ಬಗ್ಗೆ, ಅದಕ್ಕೆ ಎಣ್ಣೆ ಹೊತ್ತು ಮೇಲೇರುವವರ ಬಗ್ಗೆ.

ಸಾಫ್ಟ್‌ವೇರ್ ಕೆಲಸದಲ್ಲೂ ನೋಡುತ್ತಿರುತ್ತೇನೆ. ಎಲ್ಲರ ಕಣ್ಣಿಗೆ ಬೀಳುವ ಭಾಗಕ್ಕೆ ಹತ್ತು ಸಲ ಪರೀಕ್ಷೆ, ಮೂಲೆಯಲ್ಲಿ ಕೂತು ಎಲ್ಲವನ್ನೂ ಹಿಡಿದಿಟ್ಟಿರುವ ಸಣ್ಣ ತುಣುಕಿಗೆ ಒಂದೂ ಇಲ್ಲ. ಸ್ಕಾಟ್ ತಂಡ ಊಟವನ್ನು ಗ್ರಾಂ ಲೆಕ್ಕದಲ್ಲಿ ತೂಗಿತ್ತು, ಮೂವರು ಜೀವ ಒತ್ತೆಯಿಟ್ಟು ಅದನ್ನು ಪರೀಕ್ಷಿಸಿದ್ದರು. ಅಷ್ಟೇ ಕಾಳಜಿಯಿಂದ ಒಂದು ತುಂಬಿದ ಎಣ್ಣೆ ಡಬ್ಬಿಯನ್ನು ಆರು ತಿಂಗಳು ಮಂಜಿನಲ್ಲೂ ಬಿಸಿಲಲ್ಲೂ ಇಟ್ಟು, ಆಮೇಲೆ ತೂಗಿ ನೋಡಿದ್ದರೆ ಸಾಕಿತ್ತು.

ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಪಂಪ್ ಸ್ಟೋವ್ ಇನ್ನೂ ಇದ್ದರೆ ಒಮ್ಮೆ ಕೆಳಗಿಳಿಸಿ, ಪಂಪ್ ಬಿಚ್ಚಿ ಆ ವಾಷರ್ ನೋಡಿ. ಅದನ್ನು ಮೆತ್ತಗೆ ಇಡಲು ನಿಮ್ಮ ಮನೆಯಲ್ಲಿ ಯಾವ ಎಣ್ಣೆ ಸವರುತ್ತಿದ್ದರು, ನಿಮ್ಮ ಕಡೆ ಅದಕ್ಕೆ ಏನೆನ್ನುತ್ತಿದ್ದರು, ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ತಿಳಿಸುತ್ತೀರಲ್ಲ?